ತೊಳೆಯದ ಗಂಟು

ಬ್ಲೀಚಿಂಗ್ ಪುಡಿಯೂ ಬೆಂದ ಹತ್ತಿಬಟ್ಟೆಯೂ ಸೇರಿದ ವಾಸನೆ. ಅವಳ ಬಾಲ್ಯವೆಂದರೆ ಅದೇ. ಅವಳ ತಾಯಿಯ ಸೆರಗಿಗೆ ಆ ವಾಸನೆಯಿತ್ತು, ತಲೆದಿಂಬಿಗಿತ್ತು, ಕಲಸಿ ಕೊಟ್ಟ ತುತ್ತಿಗೂ ಇತ್ತು. ಎಲ್ಲ ತಾಯಂದಿರ ಮೈಯೂ ಹೀಗೇ ಇರುತ್ತದೆಂದು ಅವಳು ತಿಳಿದಿದ್ದಳು. ಏಳನೆಯ ವಯಸ್ಸಿನಲ್ಲಿ ಒಮ್ಮೆ ಜೊತೆಯ ಹುಡುಗಿಯ ಮನೆಗೆ ಹೋದಾಗ ಆ ಹುಡುಗಿಯ ತಾಯಿ ಬಾಗಿ ಮಾತನಾಡಿಸಿದರು. ಪೌಡರಿನ ಘಮ ಬಂತು. ಪಾಪ, ಇವರಿಗೆ ಎಲ್ಲೂ ಕೆಲಸ ಸಿಕ್ಕಿಲ್ಲವೇನೋ ಎಂದು ಇವಳಿಗೆ ಮರುಕ ಹುಟ್ಟಿತು. ಅವರಿಗೂ ಇವಳ ಮೇಲೆ ಮರುಕ ಹುಟ್ಟಿರಬೇಕು. ಹೊಸಿಲ ಹೊರಗೇ ಕೂರಿಸಿ ಬಹಳ ಪ್ರೀತಿಯಿಂದ ಮಾತನಾಡಿಸಿ ಕಳಿಸಿದರು.

ಈಗ ಅವಳಿಗೆ ನಲವತ್ತಾರು. ಅದೇ ಆಸ್ಪತ್ರೆ, ಅದೇ ಲಾಂಡ್ರಿ, ತಾಯಿ ನಿಂತು ಸವೆಸಿದ ಅದೇ ಕಲ್ಲು. ಇಪ್ಪತ್ತನಾಲ್ಕು ವರ್ಷವಾಯಿತು.

ಸಂಸ್ಥೆ ದೊಡ್ಡದು. ಒಂದು ಕಡೆ ಕಾಲೇಜು, ಇನ್ನೊಂದು ಕಡೆ ಆಸ್ಪತ್ರೆ, ನಡುವೆ ಸಂಸ್ಥಾಪಕರ ಪ್ರತಿಮೆ. ಪ್ರತಿಮೆಯ ಮುಖ ಕಾಲೇಜಿನ ಕಡೆಗಿದೆ. ಬೆನ್ನು ಲಾಂಡ್ರಿಯ ಕಡೆಗಿದೆ. ಶವಾಗಾರ ದಾಟಿ ಹೋದರೆ ತಗಡಿನ ಸೂರು, ಐದು ಸಿಮೆಂಟಿನ ತೊಟ್ಟಿ, ಒಂದು ಬಾಯ್ಲರ್, ಎರಡು ದೊಡ್ಡ ಯಂತ್ರ. ಯಂತ್ರಗಳ ಉದ್ಘಾಟನೆಗೆ ಟೇಪು ಕತ್ತರಿಸಿ ಭಾಷಣ ಮಾಡಿದ್ದರು. ಆದರೆ ರಕ್ತದ ಬಟ್ಟೆ ಯಂತ್ರದಿಂದ ಕಂದು ಕಲೆಯೊಂದಿಗೇ ಹೊರಬರುತ್ತಿತ್ತು. ಹಾಗಾಗಿ ರಕ್ತ ಕೈಗೇ ಉಳಿಯಿತು. ಬೆಳಿಗ್ಗೆ ಐದಕ್ಕೆ ತೊಟ್ಟಿಗೆ ಕೈಯಿಳಿಸಿದರೆ ಹತ್ತರ ಹೊತ್ತಿಗೆ ಬೆರಳುಗಳು ಬೇರೆಯವರ ಬೆರಳಂತಾಗುತ್ತಿದ್ದವು. ಬೆರಳ ಸಂದಿಯ ಹುಣ್ಣು ಮಾಯುವುದರೊಳಗೆ ಸೋಡಾ ಬಿದ್ದು ಮತ್ತೆ ಬಾಯಿ ತೆರೆಯುತ್ತಿತ್ತು.

ರಕ್ತದ ಬಟ್ಟೆಗೆ ಮೊದಲು ತಣ್ಣೀರು ಎಂಬುದು ಅವಳಿಗೆ ಅವಳ ತಾಯಿ ಕಲಿಸಿದ್ದು. ಬಿಸಿನೀರು ಬಿದ್ದರೆ ರಕ್ತ ಬೇಯುತ್ತದೆ. ಬೆಂದದ್ದು ನೂಲಿನೊಳಗೆ ಮನೆ ಮಾಡುತ್ತದೆ. ಲಾಂಡ್ರಿಯ ಗೋಡೆಯ ಮೇಲೆ ಮಾತ್ರ ಸಂಸ್ಥೆಯ ಆದೇಶವೊಂದನ್ನು ಕಟ್ಟು ಹಾಕಿಸಿ ತೂಗುಬಿಟ್ಟಿದ್ದರು: ಎಲ್ಲ ಬಟ್ಟೆಗಳನ್ನೂ ನೇರವಾಗಿ ಕುದಿಯುವ ನೀರಿಗೆ ಹಾಕತಕ್ಕದ್ದು. ತಪಾಸಣೆಯವರು ಬಂದ ದಿನ ಹೆಂಗಸರು ಆದೇಶ ಪಾಲಿಸುತ್ತಿದ್ದರು. ಉಳಿದ ದಿನ ಬಟ್ಟೆ ಒಗೆಯುತ್ತಿದ್ದರು.

ಅವಳ ಮಗಳು ಅದೇ ಸಂಸ್ಥೆಯ ಕಾಲೇಜಿನಲ್ಲಿ ಎಂ.ಎಸ್ಸಿ. ಕಣ್ಣಿಗೆ ಕಾಣದ ಜೀವಿಗಳ ಬಗ್ಗೆ ಓದು. ಪ್ರಬಂಧಕ್ಕೆ ವಿಷಯ ಹುಡುಕುವಾಗ ಉಳಿದವರೆಲ್ಲ ಗ್ರಂಥಾಲಯಕ್ಕೆ ಹೋದರೆ ಇವಳು ತಾಯಿಯ ಮಾತಿಗೆ ಹೋದಳು. ಬೆಂದ ಕಲೆಯ ಅಡಿಯಲ್ಲಿ ಏನು ಬದುಕಿ ಉಳಿಯುತ್ತದೆ? ತಣ್ಣೀರಿಗೆ ಮೊದಲು ಹಾಕಿದರೆ ಏನು ಸಾಯುತ್ತದೆ? ಹದಿನಾಲ್ಕು ತಿಂಗಳು ತಾಯಿ, ಹರಿದು ಮೂಲೆಗೆ ಬಿದ್ದ ಹಾಸುಗಳನ್ನು ಬೇರೆ ಎತ್ತಿಟ್ಟು, ಎರಡೂ ರೀತಿಯಲ್ಲಿ ತೊಳೆದು, ಮಗಳು ಕೊಟ್ಟ ಕತ್ತರಿಯಿಂದ ಅಂಗೈಯಗಲದ ತುಂಡುಗಳನ್ನು ಕತ್ತರಿಸಿ ಕೊಟ್ಟಳು. ಒಟ್ಟು ನೂರಾ ನಲವತ್ತು ತುಂಡು, ಒಂದೊಂದೂ ಮೊಹರು ಮಾಡಿದ ಪಾರದರ್ಶಕ ಲಕೋಟೆಯಲ್ಲಿ.

ಯಾವ ತುಂಡು ಯಾವ ವಾರ್ಡಿನದು, ಯಾವ ನೀರು ಕಂಡದ್ದು ಎಂಬುದನ್ನು ಮಗಳು ಎಲ್ಲೂ ಬರೆದುಕೊಳ್ಳಲಿಲ್ಲ. ಬೇಕೆಂದೇ ಬರೆದುಕೊಳ್ಳಲಿಲ್ಲ.

"ಪರೀಕ್ಷೆ ಮಾಡೋಳಿಗೆ ಮೊದಲೇ ಗೊತ್ತಿರಬಾರದಮ್ಮ. ಗೊತ್ತಿದ್ರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತೆ. ನೀನು ಗುರುತು ಹಾಕು. ಕೊನೆಗೆ ನೀನೇ ಓದಿ ಹೇಳು."

ತಾಯಿ ಪ್ರತಿ ತುಂಡಿನ ಮೂಲೆಯಲ್ಲೂ ನೂಲಿನಿಂದ ಗುರುತು ಹಾಕಿದಳು. ಹೆರಿಗೆ ವಾರ್ಡಿಗೆ ಒಂದು ಸುತ್ತು, ಆಪರೇಷನ್ ಥಿಯೇಟರಿಗೆ ಮೂರು ಗೆರೆ. ಇನ್ನು ಯಾವ ನೀರು ಎಂಬುದು ಹೊಲಿಗೆಯ ತಿರುವಿನಲ್ಲಿತ್ತು. ಅದನ್ನು ಓದಲು ಬರುತ್ತಿದ್ದದ್ದು ಅವಳೊಬ್ಬಳಿಗೇ. ಪಕ್ಕದಲ್ಲಿ ಚಿಕ್ಕದೊಂದು ನಕ್ಷತ್ರ, ಅದು ಮಗಳ ಗುರುತು. ಮಗಳು ಶಾಲೆಗೆ ಸೇರಿದ ವರ್ಷ, ಆಸ್ಪತ್ರೆಯ ಬಟ್ಟೆಯಲ್ಲಿ ಸಮವಸ್ತ್ರ ಬೆರೆತುಹೋಗದಿರಲೆಂದು ಕಾಲರಿಗೆ ಹಾಕಿದ ಗುರುತದು.

ಯುರೋಪಿನ ವಿಶ್ವವಿದ್ಯಾಲಯವೊಂದರ ಪ್ರಯೋಗಶಾಲೆಯವರಿಗೆ ವಿಷಯ ಹಿಡಿಸಿತು. ತುಂಡುಗಳೊಂದಿಗೆ ಆರು ತಿಂಗಳು ಬಂದು ಪ್ರಬಂಧದ ಕೆಲಸ ಇಲ್ಲೇ ಮಾಡಲಿ ಎಂದು ಬರೆದರು. ಹೋಗಿ ಬರಲು ಸಂಸ್ಥೆಯಲ್ಲೇ ವಿದ್ಯಾರ್ಥಿವೇತನವಿತ್ತು, ವರ್ಷಕ್ಕೆ ಒಬ್ಬರಿಗೆ. ಹಿಂದುಳಿದ ಪ್ರತಿಭೆಗಳನ್ನು ಮುಂದೆ ತರುವುದೇ ಅದರ ಗುರಿ ಎಂದು ಅರ್ಜಿಯ ತಲೆಯ ಮೇಲೆ ಅಚ್ಚಾಗಿತ್ತು.

ಸಂದರ್ಶನದ ದಿನ ಪೋಷಕರೂ ಬರಬೇಕೆಂದಿದ್ದರು. ತಾಯಿ ತೊಟ್ಟಿಯಿಂದ ನೇರ ಬಂದಳು. ಕೊಠಡಿಯ ಹೊರಗಿದ್ದ ಜವಾನ ಅವಳ ಕೈ ನೋಡಿದ. ತನ್ನ ಸ್ಟೂಲನ್ನು ಅವಳ ಕಡೆ ಸರಿಸಿ ತಾನು ಗೋಡೆಗೊರಗಿ ನಿಂತ. ಮುಕ್ಕಾಲು ಗಂಟೆಯ ಮೇಲೆ ಒಳಗೆ ಕರೆದರು.

"ಬನ್ನಿ ತಾಯಿ, ಬನ್ನಿ. ನೀವೂ ನಮ್ಮ ಕುಟುಂಬದವರೇ" ಎಂದರು ಸಂಸ್ಥೆಯ ಕಾರ್ಯದರ್ಶಿ.

ಒಳಗೆ ಐದು ಕುರ್ಚಿಗಳಿದ್ದವು, ಐದು ಜನರಿದ್ದರು. ಕುಟುಂಬದವಳು ನಿಂತಳು. ಪಕ್ಕದಲ್ಲಿ ಮಗಳೂ ನಿಂತಿದ್ದಳು.

"ಅಲ್ಲಿ ಚಳಿ ಅಂದ್ರೆ ಚಳಿ ತಾಯಿ. ಮೂಳೆಯೊಳಗೆ ಇಳಿಯುತ್ತೆ. ಮಗಳು ತಡೀತಾಳಾ?"

ಅವಳು ಕೈಗಳನ್ನು ಸೆರಗಿನೊಳಗೆ ಇನ್ನಷ್ಟು ಸುತ್ತಿಕೊಂಡಳು. "ತಣ್ಣೀರಿನ ಅಭ್ಯಾಸ ಇದೆ ಸಾರ್."

"ಅಭ್ಯಾಸ ಅಂದ್ರೆ ಅದಲ್ಲಮ್ಮ" ಎಂದರು ಕನ್ನಡಕದ ಮೇಡಂ, ತುಂಬ ಮೃದುವಾಗಿ. "ಅಲ್ಲಿನ ಊಟ, ಅಲ್ಲಿನ ಮಾತು, ನಾಲ್ಕು ಜನರ ಮಧ್ಯೆ ಕೂರೋ ರೀತಿ... ಹುಡುಗಿ ಮನಸ್ಸಿಗೆ ನೋವಾದ್ರೆ? ನಮಗೆ ಅದೇ ಚಿಂತೆ."

ಐದು ಜನಕ್ಕೂ ಅದೇ ಚಿಂತೆ. ಚಿಂತೆಯಲ್ಲಿ ಇನ್ನೊಂದು ಸುತ್ತು ಚಹಾ ತರಿಸಿಕೊಂಡರು.

"ಇನ್ನೊಂದು ಮಾತು" ಎಂದರು ಕಾರ್ಯದರ್ಶಿ, ಮಗಳ ಕಡೆ ತಿರುಗಿ. "ಗುರುತಿನ ವಿವರ ಎಲ್ಲ ತಾಯಿಯ ತಲೆಯಲ್ಲಿದೆ ಅಂತ ಬರೆದಿದ್ದೀಯ. ಓದು ಬರಹ ಇಲ್ಲದವರ ತಲೆಯಲ್ಲಿ ದಾಖಲೆ ಇಡೋದು ಎಂಥ ವಿಜ್ಞಾನ?"

ಮಗಳು ವಿವರಿಸಿದಳು. ಪರೀಕ್ಷಿಸುವವರಿಗೆ ಉತ್ತರ ಗೊತ್ತಿರಬಾರದು ಎಂದಳು. ಉತ್ತರ ಮೊದಲೇ ಗೊತ್ತಿದ್ದ ಆ ಐದು ಜನ ತಲೆಯಾಡಿಸಿದರು.

ವಾರದ ಮೇಲೆ ನೋಟೀಸು ಹಾಕಿದರು. ವಿದ್ಯಾರ್ಥಿವೇತನ ಕಾರ್ಯದರ್ಶಿಯ ತಂಗಿಯ ಮಗನಿಗೆ. ಅವನೂ ಎಂ.ಎಸ್ಸಿ. ಓದುತ್ತಿದ್ದ. ಪ್ರಬಂಧದ ಗೈಡ್ ಸರ್ ಮಾತಿನ ಮೇರೆಗೆ ಮೂರು ತಿಂಗಳ ಹಿಂದೆ ಮಗಳ ಪ್ರಬಂಧಕ್ಕೆ ಸಹಸಂಶೋಧಕನಾಗಿ ಸೇರಿದ್ದ. ಒಂದು ದಿನ ಲಾಂಡ್ರಿಗೂ ಬಂದಿದ್ದ. ಕರವಸ್ತ್ರಕ್ಕೆ ಅತ್ತರು ಹಾಕಿಕೊಂಡು, ಅದನ್ನು ಮೂಗಿಗೊತ್ತಿಕೊಂಡು, ನಾಲ್ಕು ನಿಮಿಷ ನಿಂತು ಹೋಗಿದ್ದ. ಹೆಂಗಸರು ಅವನಿಗೆ ಸೆಂಟಪ್ಪ ಎಂದು ಹೆಸರಿಟ್ಟಿದ್ದರು. ಸಂಸ್ಥೆಯವರು ಮಗಳಿಗೆ ಒಂದು ಉತ್ತೇಜನ ಪತ್ರ ಕೊಟ್ಟರು. ಅಂಚಿಗೆ ಚಿನ್ನದ ಬಣ್ಣವಿತ್ತು.

"ಹಂಗಂದ್ರೇನು?" ತಾಯಿ ಕೇಳಿದಳು.

"ಹಂಗಂದ್ರೆ ಬಟ್ಟೆ ನಂದು, ವಿಮಾನ ಅವನದು."

"ಗೈಡ್ ಸರ್ ಏನಂದ್ರು?"

"ಮುಂದಿನ ವರ್ಷ ನಿನಗೇ ಅಂದ್ರು. ಈಗ ಗಲಾಟೆ ಮಾಡಬೇಡ ಅಂದ್ರು. ತುಂಡುಗಳ ಪೆಟ್ಟಿಗೆ ಆಫೀಸಿಗೆ ಒಪ್ಪಿಸು ಅಂದ್ರು."

"ಒಪ್ಪಿಸ್ತೀಯಾ?"

"ಕೊಟ್ಟು ಬಂದೆ. ಮಾರ್ಕ್ಸು ಅವರ ಕೈಲಿದೆಯಲ್ಲಮ್ಮ" ಎಂದು ಮಗಳು ಗೋಡೆಯ ಕಡೆ ತಿರುಗಿ ಮಲಗಿದಳು. ಇನ್ನೂ ಸಂಜೆಯ ಬಿಸಿಲಿತ್ತು. ತಾಯಿ ಅವಳ ಬೆನ್ನ ಮೇಲೆ ಕೈಯಿಡಲು ಹೋಗಿ, ಒರಟು ಚರ್ಮ ರವಿಕೆಯ ನೂಲಿಗೆ ಸಿಕ್ಕಿಕೊಳ್ಳುತ್ತದೆಂದು ತೆಗೆದಳು.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಲಾಂಡ್ರಿಗೆ ಒಂದು ಗಂಟು ಬಂತು. ಹೊತ್ತು ತಂದವನು ಅದೇ ಜವಾನ. ಜೊತೆಗೊಂದು ಚೀಟಿ. ಲಾಂಡ್ರಿಯ ಮೇಸ್ತ್ರಿ ತನ್ನ ಗಾಜಿನ ಕೋಣೆಯಿಂದ ಹೊರಗೆ ಬಂದು ಓದಿದ:

"ಯುರೋಪಿಗೆ ಕಳುಹಿಸಬೇಕಾದ ಬಟ್ಟೆಗಳು. ಲಕೋಟೆಯಿಂದ ತೆಗೆದು, ಚೆನ್ನಾಗಿ ಕುದಿಸಿ ತೊಳೆದು, ಇಸ್ತ್ರಿ ಮಾಡಿ, ಸಂಜೆಯೊಳಗೆ ಒಪ್ಪಿಸತಕ್ಕದ್ದು. ಕಲೆ ಉಳಿಯಬಾರದು. ಕಾರ್ಯದರ್ಶಿ."

ತಾಯಿ ಗಂಟು ಬಿಚ್ಚಿದಳು. ಲಕೋಟೆಯೊಳಗಿನಿಂದ ಕೆಂಪು ನೂಲಿನ ನಕ್ಷತ್ರ ಅವಳನ್ನು ನೋಡಿತು. ಅವಳು ಇನ್ನೊಂದು ತೆಗೆದಳು, ಮತ್ತೊಂದು ತೆಗೆದಳು. ಎಲ್ಲದರಲ್ಲೂ ನಕ್ಷತ್ರ. ಒಂದು ಮೊಹರೂ ಒಡೆದಿರಲಿಲ್ಲ. ಆಫೀಸಿನವರಿಗೆ ಮುಟ್ಟಲು ಹೇಸಿಗೆಯಾಗಿತ್ತು. ಹೇಸಿಗೆಯೂ ಒಮ್ಮೊಮ್ಮೆ ಉಪಕಾರ ಮಾಡುತ್ತದೆ.

"ಪೆಟ್ಟಿಗೆ ತೆಗೆದು ನೋಡಿದ್ರಂತೆ" ಎಂದ ಜವಾನ ತಗ್ಗಿದ ದನಿಯಲ್ಲಿ. "ಇಂಥ ಹೊಲಸು ಬಟ್ಟೆ ಹೊರದೇಶಕ್ಕೆ ಕಳಿಸಿದ್ರೆ ಸಂಸ್ಥೆ ಮಾನ ಏನಾಗಬೇಕು ಅಂತ ಸಾಹೇಬ್ರು ಕೂಗಾಡಿದ್ರು."

ಮೂರನೆಯ ತೊಟ್ಟಿಯ ಬಾಯಕ್ಕ ನಗತೊಡಗಿದಳು. ಅವಳ ಬಾಯಿಗೆ ಹೆದರಿ ಇಟ್ಟ ಹೆಸರದು. ಅವಳು ನಕ್ಕರೆ ತಗಡು ಅದುರುತ್ತಿತ್ತು.

"ಅಯ್ಯೋ, ತೊಳೆದುಬಿಡೇ! ಮಲ್ಲಿಗೆ ಹೂವಿನ ಹಾಗೆ ಮಾಡಿ ಕಳಿಸೇ! ಆರ್ಡರ್ ಅಂದ್ರೆ ಆರ್ಡರ್. ಸೆಂಟಪ್ಪ ಅಲ್ಲಿ ಹೋಗಿ ಬೆಳ್ಳನೆ ಬಟ್ಟೆ ಹಿಡ್ಕೊಂಡು ಅದೇನು ಹುಡುಕ್ತಾನೋ ಹುಡುಕ್ಲಿ!"

"ಸ್ವಲ್ಪ ನೀಲಿನೂ ಹಾಕು, ಮಿಂಚಲಿ" ಎಂದಳು ಇನ್ನೊಬ್ಬಳು.

ಹೆಂಗಸರೆಲ್ಲ ನಕ್ಕರು. ತಾಯಿಯೂ ನಕ್ಕಳು. ನಗುತ್ತಲೇ ಅವಳ ಕೈ ಕುದಿನೀರಿನ ನಲ್ಲಿಯ ತಿರುಪಿನ ಮೇಲೆ ಹೋಯಿತು. ಎಷ್ಟು ಸುಲಭ! ಹೇಳಿದ ಹಾಗೆ ಮಾಡಿದರೆ ಸಾಕು. ಇಪ್ಪತ್ತನಾಲ್ಕು ವರ್ಷ ಮಾಡಿದ್ದನ್ನೇ ಇನ್ನೊಂದು ಸಲ ಮಾಡಿದರೆ ಸಾಕು. ಅವನ ವಿಮಾನ ಇಲ್ಲೇ ಈ ತೊಟ್ಟಿಯಲ್ಲೇ ಬಿದ್ದುಹೋಗುತ್ತದೆ. ಯಾರೂ ಅವಳನ್ನು ಏನೂ ಅನ್ನುವಂತಿಲ್ಲ. ಬದಲಿಗೆ ಶಹಬ್ಬಾಸ್ ಅನ್ನುತ್ತಾರೆ.

ತಿರುಪು ಬಿಸಿಯಾಗಿತ್ತು. ಅವಳು ಕೆಳಗೆ ನೋಡಿದಳು. ಮೇಲಿದ್ದ ತುಂಡು ಹೆರಿಗೆ ವಾರ್ಡಿನದು. ಅದನ್ನು ತೊಳೆದ ದಿನ ಅವಳಿಗೆ ಜ್ವರ. ಮಗಳು ಕಾಲೇಜು ಮುಗಿಸಿ ಓಡಿಬಂದು, ತಾನೇ ಅರ್ಧ ಬಟ್ಟೆ ಹಿಂಡಿ, ಬೆರಳು ಸುಲಿಸಿಕೊಂಡು, ಅದೇ ಬೆರಳಲ್ಲಿ ಮರುದಿನ ಪರೀಕ್ಷೆ ಬರೆದಿದ್ದಳು.

ಅವಳು ತಿರುಪಿನಿಂದ ಕೈ ತೆಗೆದಳು.

"ನಾನು ತೊಳೆಯಲ್ಲ."

"ಏನಂದೆ?" ಎಂದ ಮೇಸ್ತ್ರಿ. ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಈ ಹೆಂಗಸು ಕೀವು ತೊಳೆದಿದ್ದಳು. ವಾಂತಿ ತೊಳೆದಿದ್ದಳು. ಸತ್ತವರ ಹಾಸಿಗೆ ತೊಳೆದಿದ್ದಳು. ಗಂಡ ಇದೇ ಆಸ್ಪತ್ರೆಯಲ್ಲಿ ತೀರಿಕೊಂಡ ಮೂರನೆಯ ದಿನ ಬಂದು ಅವನ ಹಾಸನ್ನೂ ತೊಳೆದಿದ್ದಳು. ಇಲ್ಲ ಎಂಬ ಮಾತು ಅವಳ ಬಾಯಿಂದ ಅವನು ಕೇಳಿರಲಿಲ್ಲ.

"ತೊಳೆಯಲ್ಲ ಅಂದೆ ಮೇಸ್ತ್ರಿಗಳೇ. ಇದು ಕೊಳೆ ಬಟ್ಟೆ ಅಲ್ಲ. ನನ್ನ ಮಗಳ ಓದು."

"ನಿನ್ನ ಕಾಲಿಗೆ ಬೀಳ್ತೀನಿ ಮಾರಾಯ್ತಿ, ನನ್ನ ನೌಕರಿ ತೆಗೆಸಬೇಡ. ಒಂದು ಗಂಟು ಬಟ್ಟೆ! ಅರ್ಧ ಗಂಟೆ ಕೆಲಸ!"

"ಹದಿನಾಲ್ಕು ತಿಂಗಳ ಕೆಲಸ."

ಮೇಸ್ತ್ರಿ ಫೋನ್ ಮಾಡಿದ. ಕಾಲು ಗಂಟೆಯಲ್ಲಿ ಕಾರ್ಯದರ್ಶಿಯವರೇ ಬಂದರು. ಹನ್ನೊಂದು ವರ್ಷದ ಅಧಿಕಾರದಲ್ಲಿ ಲಾಂಡ್ರಿಗೆ ಅದೇ ಮೊದಲ ಭೇಟಿ. ಬಾಗಿಲು ಯಾವ ಕಡೆ ಎಂದು ಜವಾನ ತೋರಿಸಬೇಕಾಯಿತು. ಹಿಂದೆಯೇ ತಂಗಿಯ ಮಗನೂ ಇದ್ದ. ಇಬ್ಬರ ಬೂಟುಗಳೂ ಸೋಪಿನ ನೀರಿನಲ್ಲಿ ನಿಂತವು.

"ಏನಮ್ಮಾ ನಿನ್ನ ತಕರಾರು? ನಾಳೆ ಪಾರ್ಸೆಲ್ ಹೋಗಬೇಕು. ಇಷ್ಟು ಕಲೆ ಇರೋ ಬಟ್ಟೆ ನೋಡಿ ಅವರು ನಮ್ಮ ಬಗ್ಗೆ ಏನಂದುಕೋಬೇಕು?"

"ತೊಳೆಯೋಕೆ ಕಳಿಸಿದ್ರಾ ಮಾವ?" ತಂಗಿಯ ಮಗನ ಮುಖ ಬಿಳಿಚಿತು. ಕರವಸ್ತ್ರ ಮೂಗಿನಿಂದ ಇಳಿಯಿತು. "ಕಲೆ ಹೋದ್ರೆ ಅದರಲ್ಲಿ ಏನೂ ಇಲ್ಲ ಮಾವ. ಕಲೆಯೇ ಪ್ರಾಜೆಕ್ಟು."

ಬಾಯಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಕಾರ್ಯದರ್ಶಿ ದೊಡ್ಡ ಮನುಷ್ಯರು. ಬಹಳ ಬೇಗ ಸುಧಾರಿಸಿಕೊಂಡರು. "ನೋಡಿದೆಯಾ, ಒಳ್ಳೇ ಕೆಲಸ ಮಾಡಿದೆ. ನಿನ್ನಂಥ ನಿಷ್ಠಾವಂತರಿಂದಲೇ ಸಂಸ್ಥೆ ನಡೀತಿರೋದು. ಸರಿ, ತೊಳೀಬೇಡ. ಹಾಗೇ ಕೊಡು."

"ಕೊಡಲ್ಲ ಸಾರ್."

"ಏನು?"

"ಆ ಗೋಡೆ ಮೇಲೆ ಎರಡನೇ ಬೋರ್ಡು ಇದೆಯಲ್ಲ ಸಾರ್. ನನಗೆ ಓದೋಕೆ ಬರಲ್ಲ. ಕೇಳಿ ಕೇಳಿ ಬಾಯಿಪಾಠ ಆಗಿದೆ. ಗುರುತಿನ ವಾರಸುದಾರರಿಗಲ್ಲದೆ ಬೇರೆ ಯಾರಿಗೂ ಬಟ್ಟೆ ಕೊಡತಕ್ಕದ್ದಲ್ಲ."

ಎಲ್ಲರೂ ಗೋಡೆ ನೋಡಿದರು. ಎರಡು ವರ್ಷದ ಹಿಂದೆ ವಿಶೇಷ ವಾರ್ಡಿನ ಎರಡು ಡಜನ್ ಹೊಸ ಹಾಸು ಕಾಣೆಯಾದಾಗ ಹಾಕಿಸಿದ ಬೋರ್ಡು. ಕೆಳಗೆ ಕಾರ್ಯದರ್ಶಿಯವರದೇ ಸಹಿ. ಸಹಿ ಬಹಳ ಚೆನ್ನಾಗಿ ಬಂದಿತ್ತು.

"ಗುರುತು ನೋಡಿ ಸಾರ್. ನಕ್ಷತ್ರ. ನನ್ನ ಮಗಳದು. ಇವರದು ಅಂತೀರಾ? ಆಗಲಿ. ಇವರು ಯಾವುದಾದರೂ ಒಂದು ತುಂಡು ಓದಿ ಹೇಳಲಿ. ಯಾವ ವಾರ್ಡು, ಯಾವ ನೀರು. ಈಗಲೇ ಕೊಡ್ತೀನಿ."

ಅವಳು ಒಂದು ಲಕೋಟೆ ಚಾಚಿದಳು. ಹುಡುಗ ಅದನ್ನು ಎರಡು ಬೆರಳಲ್ಲಿ ಹಿಡಿದು, ಬೆಳಕಿಗೆ ಒಡ್ಡಿ, ತಿರುಗಿಸಿ ನೋಡಿದ. ಅವನ ಕಿವಿ ಕೆಂಪಾಯಿತು. ಲಕೋಟೆಯನ್ನು ಮೆಲ್ಲಗೆ, ತುಸು ಗೌರವದಿಂದಲೇ ಎಂದು ಕಾಣುತ್ತದೆ, ಅವಳ ಕೈಗೇ ಮರಳಿ ಇಟ್ಟ.

"ನನಗೆ ಗೊತ್ತಿಲ್ಲ ಮಾವ."

ಅವಳು ಲಕೋಟೆಯ ಮೂಲೆಯ ಮೇಲೆ ಹೆಬ್ಬೆರಳು ಆಡಿಸಿದಳು. ನೋಡಲೂ ಇಲ್ಲ. "ಥಿಯೇಟರ್. ತಣ್ಣೀರು. ಹೋದ ಚಳಿಗಾಲದ್ದು."

ಕಾರ್ಯದರ್ಶಿಯವರ ದನಿಯಿಂದ ಕುಟುಂಬ ಹೊರಟುಹೋಯಿತು. "ನಿನ್ನ ಮಗಳ ಭವಿಷ್ಯ ನಿನ್ನ ಕೈಲಿದೆ. ನೆನಪಿಟ್ಟುಕೋ."

ಅವಳು ಎರಡು ಕೈಯನ್ನೂ ಎತ್ತಿ ತೋರಿಸಿದಳು. "ಕೈಲಿರೋದು ಹುಣ್ಣು ಸಾರ್."

"ಈ ಬಟ್ಟೆ ಹೋಗದಿದ್ರೆ ಈ ವರ್ಷ ಯಾರೂ ಹೋಗಲ್ಲ. ನಿನ್ನ ಮಗಳಂತೂ ಎಂದಿಗೂ ಹೋಗಲ್ಲ."

"ಹೋಗೋದು ಬೇಡ."

ಅವರು ಹೊರಟರು. ಬಾಗಿಲಲ್ಲಿ ತಿರುಗಿ ಮೇಸ್ತ್ರಿಗೆ ಹೇಳಿದರು. ಮೆಮೋ ಬರೆಯಬೇಕು. ಮೂರು ದಿನದಲ್ಲಿ ಉತ್ತರ ಕೊಡಬೇಕು. ಅಲ್ಲಿಯವರೆಗೆ ಇವಳು ಲಾಂಡ್ರಿಯೊಳಗೆ ಕಾಲಿಡಬಾರದು.

ಮೇಸ್ತ್ರಿಯ ಅಕ್ಷರ ದುಂಡಗಿತ್ತು. ಗಾಜಿನ ಕೋಣೆಯಲ್ಲಿ ಕುಳಿತು ಬರೆದ. ಕಾರಣ ಎಂಬ ಜಾಗದಲ್ಲಿ ಪೆನ್ನು ತುಂಬ ಹೊತ್ತು ನಿಂತಿತು. ಬಾಯಕ್ಕ ಒದ್ದೆ ಕೈಯಲ್ಲೇ ಬಾಗಿಲು ತಳ್ಳಿದಳು.

"ನನ್ನ ಹೆಸರೂ ಸೇರಿಸ್ರೀ. ನಾನೂ ತೊಳೆಯಲ್ಲ."

"ಸುಮ್ನಿರಮ್ಮ ತಾಯಿ. ಇರೋದು ಒಂದೇ ಫಾರ್ಮು."

ತಾಯಿ ಗಂಟನ್ನು ಎತ್ತಿಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತಳು. ಕೆಲಸದ ದಿನ, ಕೆಲಸದ ಹೊತ್ತಿನಲ್ಲಿ, ಒಣ ಕೈಯಲ್ಲಿ ಬಿಸಿಲಿಗೆ ಕೂರುವುದು ಅವಳಿಗೆ ಹೊಸದು. ಕೈ ಎಲ್ಲಿಡಬೇಕೆಂದು ತಿಳಿಯದೆ ಗಂಟಿನ ಮೇಲಿಟ್ಟಳು.

ಮಗಳು ಓಡುತ್ತ ಬಂದಳು. ಸುದ್ದಿ ಕಾಲೇಜು ಮುಟ್ಟಿತ್ತು.

"ಯಾರಮ್ಮ ನಿನಗೆ ಹೇಳಿದ್ದು? ನಾನು ಹೇಳಿದ್ನಾ? ಮುಂದಿನ ವರ್ಷ ಕೊಡ್ತೀವಿ ಅಂದಿದ್ರು! ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಮುಂದಿನ ವರ್ಷ ಅವನ ತಮ್ಮ ಇರ್ತಾನೆ."

ಅವನಿಗೊಬ್ಬ ತಮ್ಮನಿದ್ದ. ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದ. ಮಗಳು ತಾಯಿಯ ಪಕ್ಕದಲ್ಲಿ ಕುಸಿದು ಕುಳಿತು, ಮೊಣಕಾಲಿಗೆ ಮುಖ ಒತ್ತಿ, ಬಹಳ ಹೊತ್ತು ಅತ್ತಳು. ತಾಯಿ ಅಳು ಮುಗಿಯಲು ಬಿಟ್ಟಳು.

ಆಮೇಲೆ ಕೇಳಿದಳು, "ನಿನ್ನ ಪುಸ್ತಕದಲ್ಲಿ, ಈ ಗುರುತೆಲ್ಲ ಯಾರು ಹಾಕಿದ್ದು ಅಂತ ಬರ್ದಿದ್ದೀಯ?"

ಮಗಳು ಕಣ್ಣೊರೆಸಿಕೊಂಡಳು. "'ಲಾಂಡ್ರಿ ಸಿಬ್ಬಂದಿಯೊಬ್ಬರ ನೆರವಿನಿಂದ' ಅಂತ."

"ನನ್ನ ಹೆಸರು?"

"...ಹಾಕಿಲ್ಲ."

"ಯಾಕೆ?"

ಶವಾಗಾರದ ಕಡೆಯಿಂದ ಗಾಡಿಯೊಂದು ಗಡಗಡ ಎನ್ನುತ್ತ ಹಾದುಹೋಯಿತು. "ಅವರು ನಗ್ತಾರೆ ಅಂದುಕೊಂಡೆ ಅಮ್ಮ."

ತಾಯಿಗೆ ಕಾರ್ಯದರ್ಶಿಯ ಯಾವ ಮಾತೂ ಹೀಗೆ ತಾಕಿರಲಿಲ್ಲ. ಅವಳು ಗಂಟಿನ ಕಟ್ಟನ್ನು ಸುಮ್ಮನೆ ಬಿಗಿಮಾಡಿದಳು. ಬಿಗಿಯಾಗಿಯೇ ಇತ್ತು.

"ನಗಲಿ ಬಿಡು" ಎಂದಳು. "ನಕ್ಕವರ ಬಟ್ಟೆ ಎಷ್ಟು ತೊಳೆದಿಲ್ಲ."

ಮಗಳು ಚೀಲದಿಂದ ಪ್ರಬಂಧದ ಪುಸ್ತಕ ತೆಗೆದಳು. ಮೊದಲ ಪುಟದ ಆ ಸಾಲನ್ನು ಹೊಡೆದುಹಾಕಿ ತಾಯಿಯ ಹೆಸರನ್ನು ಬರೆದಳು, ಅವಳ ತವರುಮನೆಯ ಹೆಸರೂ ಸೇರಿಸಿ, ಪೂರ್ತಿಯಾಗಿ. ಆಮೇಲೆ ಹೊಸ ಹಾಳೆ ತೆಗೆದು ಯುರೋಪಿನ ಪ್ರಯೋಗಶಾಲೆಗೆ ಪತ್ರ ಬರೆಯಲು ಶುರುಮಾಡಿದಳು. ತುಂಡುಗಳು ನಮ್ಮ ಬಳಿ ಇವೆ. ಸಂಸ್ಥೆ ನನ್ನನ್ನು ಕಳಿಸುವುದಿಲ್ಲ. ಗುರುತು ಓದಬಲ್ಲವರು ಲೋಕದಲ್ಲಿ ಒಬ್ಬರೇ ಇದ್ದಾರೆ.

"ಏನಂತ ಬರೀತಿದ್ದೀಯ?"

"ಬೇರೆ ದಾರಿ ಇದ್ರೆ ಹೇಳಿ ಅಂತ."

"ಅಷ್ಟು ಬೇಕಿದ್ರೆ ಅವರೇ ಬರಲಿ ಅಂತ ಬರಿ. ಇಲ್ಲಿ ಅಂಥಾ ಚಳಿ ಏನಿಲ್ಲ."

ಮಗಳಿಗೆ ನಗು ಬಂತು, ಮೂಗು ಸೋರುತ್ತಿರುವಾಗಲೇ.

ಊಟದ ಗಂಟೆ ಹೊಡೆಯಿತು. ಒಳಗೆ ಹೆಂಗಸರ ಕೊಡ, ತಟ್ಟೆಗಳ ಸದ್ದು. ಇವಳು ಒಳಗೆ ಕಾಲಿಡುವಂತಿಲ್ಲ. ಗಾಜಿನ ಕೋಣೆಯ ಬಾಗಿಲು ತೆರೆಯಿತು. ಮೇಸ್ತ್ರಿ ಬಂದು ಮೆಮೋ ಕೊಟ್ಟ. ಕಾರಣದ ಜಾಗದಲ್ಲಿ ಏನು ಬರೆದಿದೆ ಎಂದು ಮಗಳು ಓದಿ ಹೇಳಿದಳು: "ತನ್ನ ಮಗಳ ಬಟ್ಟೆಯನ್ನು ಬೇರೆಯವರಿಗೆ ಕೊಡಲು ಒಪ್ಪದಿರುವುದು." ತಾಯಿ ಮೇಸ್ತ್ರಿಯ ಮುಖ ನೋಡಿದಳು. ಅವನು ಪ್ರತಿಮೆಯ ಬೆನ್ನು ನೋಡುತ್ತಿದ್ದ.

ಮೇಸ್ತ್ರಿಯ ಊಟ ಯಾವಾಗಲೂ ಮುಚ್ಚಿದ ಬಾಗಿಲ ಹಿಂದೆ. ಇಷ್ಟು ವರ್ಷದಲ್ಲಿ ಅವನ ಡಬ್ಬಿಯನ್ನು ಲಾಂಡ್ರಿಯ ಹೆಂಗಸೊಬ್ಬಳೂ ಮುಟ್ಟಿದ್ದಿಲ್ಲ. ಮುಟ್ಟುವುದು ಬೇಡ ಎಂದು ಅವನೇನೂ ಹೇಳಿರಲಿಲ್ಲ. ಹೇಳುವ ಪ್ರಸಂಗ ಬರದಂತೆ ಎರಡೂ ಕಡೆಯವರು ನಡೆದುಕೊಂಡಿದ್ದರು. ಅವನು ಒಳಗೆ ಹೋದ. ಹೊರಗೆ ಬಂದಾಗ ಕೈಯಲ್ಲಿ ಆ ಡಬ್ಬಿಯಿತ್ತು. ಮುಚ್ಚಳವನ್ನು ಅಂಗಿಯ ತೋಳಿನಿಂದ ಒರೆಸಿದ. ಬಾಗಿ, ನೆಲದ ಮೇಲಿಡದೆ, ಅವಳ ಎರಡೂ ಕೈಗೆ ಕೊಟ್ಟು, ಒಳಗೆ ಹೋದ.